ನೀರು ಸರಿಯಿದೆ, ಆದರೂ ಮೀನು ಉಳಿಯುತ್ತಿಲ್ಲ: ರೀಫ್ ಟ್ಯಾಂಕಿನಲ್ಲಿ ಹೊಂದಾಣಿಕೆಯ ದೋಷ ಪತ್ತೆ ಮಾಡುವುದು

ಹವಳ, ಕಡಲ ಮೀನುಗಳನ್ನು ಒಟ್ಟಿಗೆ ಸಾಕುವ ಉಪ್ಪುನೀರಿನ ತೊಟ್ಟಿಯೇ ರೀಫ್ ಟ್ಯಾಂಕ್. ನೀರಿನ ಟೆಸ್ಟ್ ಕಿಟ್ ಎಲ್ಲ ಸರಿ ಅನ್ನುತ್ತದೆ. ಅಮೋನಿಯಾ ಸೊನ್ನೆ, ಲವಣಾಂಶ ಹದದಲ್ಲಿದೆ, ನೊರೆಯ ಮೂಲಕ ಕೊಳೆ ತೆಗೆಯುವ ಸ್ಕಿಮ್ಮರಿನ ಬಟ್ಟಲಲ್ಲಿ ಕೊಳಕು ತುಂಬುತ್ತಿದೆ. ಆದರೂ ತಿಂಗಳಿಗೊಂದೆರಡು ಮೀನು ಮಾಯ. ಇಲ್ಲವೇ ನಿನ್ನೆಯವರೆಗೆ ಅರಳಿ ನಿಂತಿದ್ದ ಹವಳ ಒಂದು ಮಗ್ಗುಲಲ್ಲಿ ಸುಟ್ಟಂತೆ ಬಿಳಿಚಿಕೊಂಡಿದೆ. ಹೀಗಾದಾಗ ಬಹಳ ಜನ ಕೂಡಲೇ ಅರ್ಧ ಟ್ಯಾಂಕ್ ನೀರು ಬದಲಿಸುತ್ತಾರೆ, ಅಂಗಡಿಗೆ ಓಡಿ ಯಾವುದೋ ಬಾಟಲಿ ತಂದು ಸುರಿಯುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ನೀರು ಸರಿಯಿದ್ದೂ ಜೀವ ಹೋಗುತ್ತಿದ್ದರೆ, ಕಾರಣ ಹೆಚ್ಚಾಗಿ ಅದೇ ಗಾಜಿನ ಒಳಗೆ ಈಜುತ್ತಿರುವ, ತೆವಳುತ್ತಿರುವ ಅಥವಾ ಕಲ್ಲಿಗೆ ಅಂಟಿ ಕೂತಿರುವ ಇನ್ನೊಂದು ಜೀವಿಯೇ.

"ಇದು ರೀಫ್ ಸೇಫ್ ಸಾರ್, ಪಾಪದ ಮೀನು, ಏನೂ ಮಾಡಲ್ಲ" ಎನ್ನುವ ಮಾತನ್ನು ಅರ್ಧ ಮಾತ್ರ ನಂಬಿ. ರೀಫ್ ಸೇಫ್ ಎಂದರೆ ಹವಳ ತಿನ್ನುವುದಿಲ್ಲ ಎಂದಷ್ಟೇ. ಲಯನ್‌ಫಿಶ್ ಹವಳವನ್ನು ಮೂಸಿಯೂ ನೋಡುವುದಿಲ್ಲ. ಆ ಲೆಕ್ಕದಲ್ಲಿ ಅದೂ ರೀಫ್ ಸೇಫ್. ಆದರೆ ಬಾಯಿಗೆ ಹಿಡಿಸುವ ಮೀನು, ಸಿಗಡಿ ಯಾವುದನ್ನೂ ಅದು ಬಿಡುವುದಿಲ್ಲ. ಫ್ಲೇಮ್ ಹಾಕ್‌ಫಿಶ್ ಹವಳದ ಮೇಲೆ ಕೂತು ಚಿತ್ರದ ಹಾಗೆ ಕಾಣುತ್ತದೆ, ಸಣ್ಣ ಸಿಗಡಿಯನ್ನು ಒಂದೇ ತುತ್ತಿಗೆ ಮುಗಿಸುತ್ತದೆ. ಹಾಗಾಗಿ ಒಂದು ಪ್ರಾಣಿಯ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಬೇರೆ: ಯಾರು ಇದರ ಬಾಯಿಗೆ ಹಿಡಿಸುತ್ತಾರೆ? ಇದು ಬಯಸುವ ಗೂಡನ್ನೇ, ಇದು ತಿನ್ನುವ ಆಹಾರವನ್ನೇ ಬಯಸುವವರು ಇನ್ಯಾರಿದ್ದಾರೆ? ಇದರ ಕುಟುಕು ಎಷ್ಟು ದೂರ ಮುಟ್ಟುತ್ತದೆ? ಮುಂದೆ ಬರುವ ಲಕ್ಷಣಗಳೆಲ್ಲ ಇವುಗಳಲ್ಲಿ ಒಂದಕ್ಕೆ ಸಿಕ್ಕ ತಪ್ಪು ಉತ್ತರ.

ನೀರಿನ ಮೇಲಿನ ಸಂಶಯ ತೀರಿಸಿಕೊಳ್ಳಿ

ಇದಕ್ಕೆ ಹತ್ತು ನಿಮಿಷ ಸಾಕು. ಲವಣಾಂಶ ಸಾವಿರಕ್ಕೆ 35 ಭಾಗ, ಅಂದರೆ ಸಾಪೇಕ್ಷ ಸಾಂದ್ರತೆ 1.025–1.026ರ ಆಸುಪಾಸು, ಉಷ್ಣತೆ 24ರಿಂದ 27 ಡಿಗ್ರಿ, ಅಮೋನಿಯಾ, ನೈಟ್ರೈಟ್ ಸೊನ್ನೆ, ಆಲ್ಕಲಿನಿಟಿ 8–9 ಡಿಕೆಎಚ್ (ಕ್ಷಾರೀಯತೆಯ ಅಳತೆ), ಅದೂ ದಿನದಿಂದ ದಿನಕ್ಕೆ ಕುಣಿಯದೆ. ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಆರ್‌ಓ ನೀರಿನಲ್ಲಿ ಸೊನ್ನೆಗೆ ತಂದು ನಂಬಿ ಕೂರಬೇಡಿ, 35ರ ಕ್ಯಾಲಿಬ್ರೇಷನ್ ದ್ರಾವಣದಲ್ಲೇ ಸರಿಮಾಡಿ.

ಅಂಕಿಗಿಂತ ಮುಖ್ಯವಾದದ್ದು ಸಾವಿನ ಕ್ರಮ. ಒಂದೇ ರಾತ್ರಿಯಲ್ಲಿ ಹಲವು ಮೀನು, ಅದರಲ್ಲೂ ದೊಡ್ಡವು ಮೊದಲು ಸತ್ತಿದ್ದರೆ ಆಮ್ಲಜನಕದ ಕೊರತೆ ಇರಬೇಕು. ರಾತ್ರಿ ಎಷ್ಟು ಹೊತ್ತು ಕರೆಂಟ್ ಇರಲಿಲ್ಲ ಎಂದು ವಿಚಾರಿಸಿ. ಎಲ್ಲ ಹವಳಗಳೂ ಒಟ್ಟಿಗೆ ಮುದುಡಿದ್ದರೆ ನೀರು, ಬೆಳಕು ಅಥವಾ ಉಷ್ಣತೆಯನ್ನು ನೋಡಿ. ಬೆಂಗಳೂರಿನಲ್ಲೂ ಏಪ್ರಿಲ್ ಮಧ್ಯಾಹ್ನ ಚಿಲ್ಲರ್ ಇಲ್ಲದ ಟ್ಯಾಂಕ್ 29–30 ಡಿಗ್ರಿಗೆ ಏರಿಬಿಡಬಹುದು. ಮಂಗಳೂರು, ಕಾರವಾರದ ಕಡೆಯವರಿಗಂತೂ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಒಂದೊಂದಾಗಿ, ವಾರಗಳ ಅಂತರದಲ್ಲಿ, ಒಂದೇ ಬಗೆಯ ಪ್ರಾಣಿಗಳು ಹೋಗುತ್ತಿದ್ದರೆ, ಅಥವಾ ಒಂದೇ ಹವಳಕ್ಕೆ ಒಂದೇ ಕಡೆಯಿಂದ ಪೆಟ್ಟು ಬಿದ್ದಿದ್ದರೆ, ಕಿಟ್ ಒಳಗಿಟ್ಟು ಟಾರ್ಚ್ ತೆಗೆಯಿರಿ.

ಮೀನು ಕಾಣೆ, ಹೆಣವೂ ಇಲ್ಲ

ಹೆಣ ಸಿಗಲಿಲ್ಲ ಎಂದ ಮಾತ್ರಕ್ಕೆ ಯಾರೋ ಕೊಂದರು ಎನ್ನಲಾಗದು. ಬ್ರಿಸಲ್ ಹುಳು, ನಾಸೇರಿಯಸ್ ಬಸವನಹುಳು, ಹರ್ಮಿಟ್ ಏಡಿ ಇರುವ ಟ್ಯಾಂಕಿನಲ್ಲಿ ಬೆರಳುದ್ದದ ಮೀನಿನ ಹೆಣ ಬೆಳಗಾಗುವಷ್ಟರಲ್ಲಿ ಇಲ್ಲವಾಗುತ್ತದೆ. ಬೆಳಿಗ್ಗೆ ದೀಪ ಹಾಕಿದಾಗ ಕ್ಲೀನರ್ ಸಿಗಡಿ ಹೆಣದ ಮೇಲೆ ಕೂತಿರುವುದನ್ನು ಕಂಡು ಅದನ್ನೇ ಕೊಲೆಗಾರ ಎಂದು ತೀರ್ಮಾನಿಸುವವರಿದ್ದಾರೆ. ಅದು ಬಂದಿರುವುದು ತಿಥಿ ಊಟಕ್ಕೆ.

ಮೊದಲು ಟ್ಯಾಂಕಿನ ಹೊರಗೆ ಹುಡುಕಿ. ಫೈರ್‌ಫಿಶ್, ಗೋಬಿ, ರಾಸ್ ಜಾತಿಯ ಮೀನುಗಳು ಹೆದರಿದರೆ ನೆಗೆಯುತ್ತವೆ. ಮುಚ್ಚಳವಿಲ್ಲದ ಟ್ಯಾಂಕಿನಲ್ಲಿ ಅವುಗಳ ಆಯಸ್ಸು ಅಷ್ಟೇ. ಸ್ಟ್ಯಾಂಡಿನ ಹಿಂದೆ, ನೀರು ಕೆಳಗಿಳಿಯುವ ಓವರ್‌ಫ್ಲೋ ಪೆಟ್ಟಿಗೆಯ ತಳದಲ್ಲಿ, ಸಂಪಿನ (ಟ್ಯಾಂಕಿನ ಕೆಳಗಿನ ಶೋಧಕ ತೊಟ್ಟಿಯ) ಫಿಲ್ಟರ್ ಸಾಕ್ಸಿನಲ್ಲಿ ನೋಡಿ. ನಮ್ಮ ಮನೆಗಳಲ್ಲಿ ಇರುವೆ ಸಾಲು ಹಿಡಿದು ಹೋದರೆ ಒಣಗಿದ ಮೀನು ಸಿಗುವುದುಂಟು. ಬೆಕ್ಕಿರುವ ಮನೆಯಾದರೆ ಆ ಸಾಕ್ಷಿಯೂ ಉಳಿಯುವುದಿಲ್ಲ. ಆದರೆ ಇಲ್ಲೂ ಒಂದು ಪ್ರಶ್ನೆ ಬಾಕಿ ಇರುತ್ತದೆ. ಮೀನು ಹೆದರಿದ್ದು ಯಾರಿಗೆ? ನೆಗೆದು ಸತ್ತ ಫೈರ್‌ಫಿಶ್ ಹಿಂದೆ ಆಗಾಗ ಒಂದು ಜಗಳಗಂಟ ಡ್ಯಾಮ್ಸೆಲ್ ಮೀನು ಇರುತ್ತದೆ.

ಹೊರಗೆ ಏನೂ ಸಿಗದಿದ್ದರೆ ರಾತ್ರಿ ಕಾವಲು ಕೂರಬೇಕು. ದೀಪ ಆರಿದ ಮೇಲೆ ಒಂದೆರಡು ಗಂಟೆ ಬಿಟ್ಟು, ಟಾರ್ಚಿಗೆ ಪಾರದರ್ಶಕ ಕೆಂಪು ಕಾಗದ ಸುತ್ತಿ ನೋಡಿ. ಕೆಂಪು ಬೆಳಕಿಗೆ ಟ್ಯಾಂಕಿನ ಬಹುತೇಕ ಜೀವಿಗಳು ಅಷ್ಟಾಗಿ ಬೆದರುವುದಿಲ್ಲ. ಕಲ್ಲಿನ ಬುಡ, ತೂತು, ಮರಳಿನ ಅಂಚು ಇಷ್ಟನ್ನೇ ನಿಧಾನವಾಗಿ ಗಮನಿಸಿ. ಕಣ್ಣಿಗೆ ಬೀಳಬಹುದಾದವರು ಇವರು.

ಕಡ್ಡಿಯ ತುದಿಯಲ್ಲಿ ಕೂತಂತಹ ಎರಡು ಕಣ್ಣುಗಳು ಬೇರೆಬೇರೆ ದಿಕ್ಕಿಗೆ ಹೊರಳುತ್ತಾ ತೂತಿನಿಂದ ನೋಡುತ್ತಿದ್ದರೆ ಮ್ಯಾಂಟಿಸ್ ಸಿಗಡಿ. ಲೈವ್ ರಾಕಿನ (ಜೀವಿಗಳು ಅಂಟಿಕೊಂಡಿರುವ ಕಡಲ ಕಲ್ಲಿನ) ಜೊತೆ ನಿಮಗೆ ಗೊತ್ತಿಲ್ಲದೆ ಬಂದಿರುತ್ತದೆ. ರಾತ್ರಿ "ಟಕ್" ಎಂಬ ಸದ್ದು ಬಂದರೆ ಎಲ್ಲರೂ ಇದನ್ನೇ ದೂರುತ್ತಾರೆ, ಆದರೆ ಪಿಸ್ತೂಲು ಸಿಗಡಿಯೂ ಅದೇ ಸದ್ದು ಮಾಡುತ್ತದೆ. ಅದು ಗೋಬಿ ಮೀನಿನ ಜೊತೆ ಒಂದೇ ಬಿಲದಲ್ಲಿ ಸಂಸಾರ ಹೂಡುವ ಪ್ರಾಣಿ. ಮೀನು ಕಾವಲು ಕಾಯುತ್ತದೆ, ಸಿಗಡಿ ಮಣ್ಣು ತೋಡುತ್ತದೆ. ಬರೀ ಸದ್ದು ಕೇಳಿ ಕಲ್ಲು ಕಿತ್ತು ಹಾಕಬೇಡಿ. ಒಡೆದ ಬಸವನಹುಳುವಿನ ಚಿಪ್ಪಿನ ಚೂರುಗಳೂ ಬಿಲದ ಮುಂದೆ ಬಿದ್ದಿದ್ದರೆ ಮ್ಯಾಂಟಿಸ್ ಮೇಲಿನ ಸಂಶಯ ಗಟ್ಟಿ.

ಹಸಿರು ಬ್ರಿಟಲ್ ಸ್ಟಾರ್, ಅಂದರೆ ನಕ್ಷತ್ರಮೀನಿನ ಬಳಗದ ಓಫಿಯರಾಕ್ನಾ ಇಂಕ್ರಾಸಾಟಾ. ಚಿಕ್ಕದಿದ್ದಾಗ ಸ್ವಚ್ಛತಾ ಸಿಬ್ಬಂದಿ, ಬೆಳೆದ ಮೇಲೆ ಬೇಟೆಗಾರ. ರಾತ್ರಿ ತೋಳುಗಳ ತುದಿಯ ಮೇಲೆ ಮೈಯೆತ್ತಿ ಗುಡಾರದ ಹಾಗೆ ನಿಂತು, ಕೆಳಗೆ ಮಲಗಲು ಬಂದ ಮೀನಿನ ಮೇಲೆ ಸುರುಳಿಯಾಗಿ ಇಳಿಯುತ್ತದೆ. ಈ ಭಂಗಿ ಒಮ್ಮೆ ಕಂಡರೆ ಮತ್ತೆ ಸಾಕ್ಷಿ ಬೇಡ. ಕಂದು, ಕಪ್ಪು ಬಣ್ಣದ ಸಾಮಾನ್ಯ ಬ್ರಿಟಲ್ ಸ್ಟಾರ್‌ಗಳ ಮೇಲೆ ಇದೇ ಆರೋಪ ಹೊರಿಸಬೇಡಿ, ಅವು ಉಳಿದದ್ದನ್ನು ತಿಂದು ಬದುಕುವಂಥವು.

ದೊಡ್ಡ ಪಂಜದ ಅಪರಿಚಿತ ಏಡಿ ಕಂಡರೆ ಪಂಜದ ತುದಿ ನೋಡಿ. ಚಮಚದ ಹಾಗೆ ಮೊಂಡಾಗಿದ್ದರೆ ಪಾಚಿ ಕೆರೆಯುವ ಏಡಿ ಇರಬಹುದು. ಚೂಪಾಗಿ, ಕಪ್ಪಾಗಿ, ಮೈಮೇಲೆ ರೋಮವಿದ್ದರೆ ಹೊರಗೆ ಹಾಕುವುದೇ ಕ್ಷೇಮ. ಎಮರಾಲ್ಡ್ ಏಡಿಯನ್ನು ಬಬಲ್ ಪಾಚಿ ತಿನ್ನಲೆಂದೇ ತರುತ್ತೇವೆ, ಆದರೆ ಪಾಚಿ ಮುಗಿದು ಹೊಟ್ಟೆ ಹಸಿದಾಗ ಅದೂ ನಿದ್ದೆಯಲ್ಲಿರುವ ಸಣ್ಣ ಮೀನಿಗೆ ಕೈ ಹಾಕಬಹುದು.

ರೆಕ್ಕೆ ಹರಿದಿದೆ, ಮೀನು ಮೂಲೆ ಹಿಡಿದಿದೆ

ಹರಿದ ರೆಕ್ಕೆಯ ಅಂಚನ್ನು ನೋಡಿ. ಅರ್ಧಚಂದ್ರದ ಹಾಗೆ ಶುಚಿಯಾಗಿ ಕತ್ತರಿಸಿದಂತಿದ್ದರೆ ಕಚ್ಚಿದ ಗಾಯ. ಅಂಚು ಬೆಳ್ಳಗೆ, ಹಿಂಜಿದ ಹತ್ತಿಯಂತಿದ್ದರೆ ಕೊಳೆರೋಗ. ಪಕ್ಕೆಯ ಮೇಲೆ ಬ್ಲೇಡಿನಲ್ಲಿ ಗೀರಿದಂಥ ಉದ್ದ ಗೆರೆಗಳಿದ್ದರೆ ಟ್ಯಾಂಗ್ ಮೀನಿನ ಕೆಲಸ. ಅವುಗಳ ಬಾಲದ ಬುಡದಲ್ಲಿ ಎರಡೂ ಕಡೆ ಚಾಕುವಿನಂಥ ಮುಳ್ಳಿದೆ.

ಪೆಟ್ಟು ತಿಂದ ಮೀನು ತಾನಿರುವ ಜಾಗದಿಂದಲೇ ದೂರು ಹೇಳುತ್ತದೆ. ನೀರಿನ ಮೇಲ್ಪದರದ ಒಂದು ಮೂಲೆ, ಓವರ್‌ಫ್ಲೋದ ಹಲ್ಲುಗಳ ಪಕ್ಕ, ಹೀಟರಿನ ಹಿಂದೆ ಅಡಗುತ್ತದೆ. ಊಟ ಹಾಕಿದಾಗಲೂ ಹೊರಗೆ ಬರುವುದಿಲ್ಲ. ಯಾರು ಹೊಡೆಯುತ್ತಿದ್ದಾರೆ ಎಂದು ತಿಳಿಯಲು ಗಾಜಿನ ಮುಂದೆ ನಿಲ್ಲಬೇಡಿ. ನೀವು ಕಂಡರೆ ಎಲ್ಲವೂ ಊಟ ಬಂತೆಂದು ಸಾಲಾಗಿ ಸಭ್ಯವಾಗಿ ನಿಲ್ಲುತ್ತವೆ. ಮೊಬೈಲನ್ನು ಎದುರಿಗಿಟ್ಟು ರೆಕಾರ್ಡಿಂಗ್ ಹಾಕಿ ಕೋಣೆಯಿಂದ ಹೊರಗೆ ಹೋಗಿ.

ನಾನು ಕಂಡಂತೆ ಅಪರಾಧಿಗಳಲ್ಲಿ ಮೊದಲ ಸ್ಥಾನ ಡ್ಯಾಮ್ಸೆಲ್‌ಗಳದ್ದು. ಮೂರು ಪಟ್ಟೆಯದು, ಡಾಮಿನೊ, ಬ್ಲೂ ಡೆವಿಲ್ ಎಲ್ಲ ಅಗ್ಗ, ಗಟ್ಟಿ ಜೀವ. ಟ್ಯಾಂಕ್ ಸೈಕಲ್ ಮಾಡಲೆಂದು, ಅಂದರೆ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ಬೆಳೆಸಲೆಂದು, ಮೊದಲು ಇವನ್ನೇ ಬಿಡುತ್ತಾರೆ. ಸೈಕಲ್ ಮುಗಿಯುವ ಹೊತ್ತಿಗೆ ಇಡೀ ಟ್ಯಾಂಕ್ ಅವುಗಳ ಜಹಗೀರು. ಆಮೇಲೆ ಬಂದ ಪ್ರತಿ ಮೀನೂ ಅತಿಕ್ರಮಣಕಾರ. ಈಗ ಅಮೋನಿಯಾ ಬಾಟಲಿಯಿಂದ ಮೀನಿಲ್ಲದೆಯೇ ಸೈಕಲ್ ಮಾಡಬಹುದಾದ್ದರಿಂದ ಈ ಪದ್ಧತಿಗೆ ಯಾವ ಸಮರ್ಥನೆಯೂ ಇಲ್ಲ. ಎರಡನೆಯದು ಸಿಕ್ಸ್‌ಲೈನ್ ರಾಸ್. ಬೆರಳುದ್ದದ ಚೆಂದದ ಮೀನು, ಹವಳದ ಕೀಟಗಳನ್ನು ತಿನ್ನುತ್ತದೆ, ಮೊದಲ ಕೆಲವು ತಿಂಗಳು ಒಳ್ಳೆಯವನೇ. ಬೇರೂರಿದ ಮೇಲೆ ಹೊಸ ಮೀನು, ಅದರಲ್ಲೂ ಮೃದು ಸ್ವಭಾವದ ಇನ್ನೊಂದು ರಾಸ್ ಬಂದರೆ ಬೆನ್ನು ಬಿಡದೆ ಅಟ್ಟುತ್ತದೆ.

ಕ್ಲೌನ್‌ಫಿಶ್ ವಿಷಯ ಬೇರೆ. ಇವು ಹುಟ್ಟುವಾಗ ಎಲ್ಲವೂ ಗಂಡಾಗುವ ದಾರಿಯಲ್ಲಿರುತ್ತವೆ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಎರಡನೆಯದು ಅದರ ಗಂಡು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗುತ್ತದೆ. ಹೀಗಾಗಿ ಒಂದೇ ಗಾತ್ರದ ಎರಡು ಬೆಳೆದ ಮೀನು ತಂದರೆ ಎರಡೂ ಹೆಣ್ಣಾಗಿರಬಹುದು, ಆಗ ಒಂದು ಮಾತ್ರ ಉಳಿಯುತ್ತದೆ. ಒಂದು ದೊಡ್ಡ, ಒಂದು ಚಿಕ್ಕ ಮರಿ ತರುವುದು ಸರಿ. ನಮ್ಮಲ್ಲಿ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕ್ಲೌನ್‌ಫಿಶ್‌ಗಳನ್ನು ಮರಿಮಾಡಿ ಸಾಕುವ ವಿಧಾನ ರೂಪಿಸಿದೆ. ಹಾಗೆ ಸಾಕಿದ ಮರಿ ಸಿಕ್ಕರೆ ಸಮುದ್ರದಿಂದ ಹಿಡಿದದ್ದಕ್ಕಿಂತ ಅದೇ ಮೇಲು. ಚಿಕ್ಕ ಮೀನು ದೊಡ್ಡದರ ಮುಂದೆ ಮೈ ಓರೆ ಮಾಡಿ ಗಡಗಡ ನಡುಗುತ್ತಿದ್ದರೆ ರೋಗವೆಂದು ಗಾಬರಿಯಾಗಬೇಡಿ. ಅದು ಶರಣಾಗತಿ, ಜೋಡಿ ಕೂಡುತ್ತಿದೆ ಎಂಬ ಗುರುತು. ಮೂರನೆಯದನ್ನು ಸೇರಿಸಿದರೆ, ಅಥವಾ ಒಸೆಲ್ಲಾರಿಸ್ ಜಾತಿಯ ಕ್ಲೌನ್ ಜೊತೆ ಮರೂನ್ ಕ್ಲೌನ್ ಬಿಟ್ಟರೆ, ದೋಷ ಹುಡುಕುವ ಕೆಲಸವೇ ಇಲ್ಲ, ಉತ್ತರ ಎದುರಿಗೇ ಇದೆ.

ಟ್ಯಾಂಗ್‌ಗಳು ತಮ್ಮದೇ ಆಕಾರದ ಮೀನನ್ನು ಸಹಿಸುವುದಿಲ್ಲ. ಹಳದಿ ಟ್ಯಾಂಗ್ ಇರುವಲ್ಲಿ ಅದೇ ಜೀಬ್ರಸೋಮ ಕುಲದ ಇನ್ನೊಂದು, ಪೌಡರ್ ಬ್ಲೂ ಇರುವಲ್ಲಿ ಇನ್ನೊಂದು ಅಕಾಂಥುರಸ್ ಬಿಟ್ಟರೆ ಗೀರು ಗಾಯ ಖಚಿತ. ಸಣ್ಣ ಟ್ಯಾಂಕಿನಲ್ಲಿ ಇದು ಇನ್ನೂ ಕೆಟ್ಟದು: ಹಳದಿ ಟ್ಯಾಂಗ್ 20 ಸೆಂ.ಮೀ., ನೀಲಿ ಹೆಪಟಸ್ ಟ್ಯಾಂಗ್ 30 ಸೆಂ.ಮೀ. ತನಕ ಬೆಳೆಯುವ ಮೀನು. ಎರಡಡಿ ಟ್ಯಾಂಕಿಗೆ ಎರಡೂ ಸಲ್ಲದವು. ಜಗಳದ ಒತ್ತಡದಲ್ಲಿರುವ ಟ್ಯಾಂಗಿನ ಮೈಮೇಲೆ ಕೆಲವೇ ದಿನಗಳಲ್ಲಿ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಮೂಡಬಹುದು. ಅದು ಕ್ರಿಪ್ಟೋಕ್ಯಾರಿಯಾನ್ ಪರೋಪಜೀವಿ. ಚುಕ್ಕೆಗೆ ಮದ್ದು ಬೇರೆ ಟ್ಯಾಂಕಿನಲ್ಲಿ ಮಾಡಿ. ಮುಖ್ಯ ಟ್ಯಾಂಕಿಗೆ ತಾಮ್ರದ ಔಷಧಿ ಹಾಕಿದರೆ ಸಿಗಡಿ, ಬಸವನಹುಳು, ಹವಳ ಎಲ್ಲ ಹೋಗುತ್ತವೆ. ಮೀನಿಗೆ ಮದ್ದು ಮಾಡಿ, ಹೊಡೆಯುವವನನ್ನು ಅಲ್ಲೇ ಬಿಟ್ಟರೆ ಚುಕ್ಕೆ ಮರಳಿ ಬರಲು ದಾರಿ ತೆರೆದಿಟ್ಟಂತೆಯೇ.

ಜಗಳವೇ ಇಲ್ಲ, ಆದರೂ ಸೊರಗುತ್ತಿದೆ

ಇದು ಅತಿ ಹೆಚ್ಚು ತಪ್ಪಿಹೋಗುವ ದೋಷ. ಯಾರೂ ಯಾರನ್ನೂ ಕಚ್ಚುವುದಿಲ್ಲ, ಗಾಯವಿಲ್ಲ, ಮ್ಯಾಂಡರಿನ್ ಮೀನು ದಿನವಿಡೀ ಕಲ್ಲು ಕುಕ್ಕುತ್ತಲೇ ಇರುತ್ತದೆ. ಎರಡು ತಿಂಗಳ ಮೇಲೆ ಒಂದು ದಿನ ಇರುವುದಿಲ್ಲ. ಮ್ಯಾಂಡರಿನ್ ತಿನ್ನುವುದು ಕಲ್ಲಿನ ಮೇಲಿನ ತೀರಾ ಸಣ್ಣ ಜೀವಿಗಳಾದ ಕೋಪಿಪಾಡ್‌ಗಳನ್ನು, ಬೆಳಗಿನಿಂದ ಸಂಜೆಯವರೆಗೆ ಒಂದೊಂದಾಗಿ. ಒಣ ಆಹಾರವನ್ನು ಬಹುತೇಕ ಮ್ಯಾಂಡರಿನ್‌ಗಳು ಮುಟ್ಟುವುದಿಲ್ಲ. ಅದೇ ಟ್ಯಾಂಕಿನಲ್ಲಿರುವ ಸಿಕ್ಸ್‌ಲೈನ್ ರಾಸ್ ಕೂಡ ಅದೇ ಕೋಪಿಪಾಡ್ ತಿನ್ನುತ್ತದೆ, ಇನ್ನೂ ಚುರುಕಾಗಿ. ಇಬ್ಬರೂ ಒಬ್ಬರನ್ನೊಬ್ಬರು ನೋಡುವುದೂ ಇಲ್ಲ, ಆದರೆ ಒಬ್ಬನ ಊಟ ಇನ್ನೊಬ್ಬನ ಹಸಿವು.

ಪರೀಕ್ಷೆ ಸುಲಭ. ಮೀನನ್ನು ಮೇಲಿನಿಂದ ನೋಡಿ: ತಲೆಯ ಹಿಂದೆ ಬೆನ್ನು ತುಂಬಿಕೊಂಡಿರಬೇಕು. ಅಲ್ಲಿ ಕುಳಿ ಬಿದ್ದು, ಹೊಟ್ಟೆ ಒಳಕ್ಕೆ ಸೆಳೆದಿದ್ದರೆ ಉಪವಾಸ. ರಾತ್ರಿ ಗಾಜಿನ ಒಳಮೈಗೆ ಟಾರ್ಚ್ ಹಾಕಿ. ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಓಡಾಡುತ್ತಿರಬೇಕು. ಒಂದೂ ಕಾಣದಿದ್ದರೆ ಆ ಟ್ಯಾಂಕ್ ಮ್ಯಾಂಡರಿನ್ ಸಾಕುವಷ್ಟು ಮಾಗಿಲ್ಲ, ಅಥವಾ ಪೈಪೋಟಿ ಹೆಚ್ಚಾಗಿದೆ. ಸಂಪಿನಲ್ಲಿ ಪಾಚಿಯ ರೆಫ್ಯೂಜಿಯಂ (ಮೀನಿಲ್ಲದ ಆಸರೆ ಖಾನೆ) ಮಾಡಿ ಕೋಪಿಪಾಡ್ ಬೆಳೆಸುವುದು ಉಪಾಯ, ಆದರೆ ಅದು ತಿಂಗಳುಗಳ ಕೆಲಸ. ಇವತ್ತು ಸೊರಗಿರುವ ಮೀನಿಗೆ ಅಷ್ಟು ಸಮಯವಿಲ್ಲ. ಬ್ರೈನ್ ಶ್ರಿಂಪ್ (ಉಪ್ಪುನೀರಿನ ಸಣ್ಣ ಸಿಗಡಿ) ಮೊಟ್ಟೆ ಒಡೆಸಿ ಮರಿಗಳನ್ನು ನೇರವಾಗಿ ಅದರ ಮುಂದೆ ಬಿಡಿ, ರಾಸನ್ನು ಬೇರೆಡೆಗೆ ಕಳಿಸಿ.

ಹವಳ ಒಂದೇ ಮಗ್ಗುಲಲ್ಲಿ ಸುಟ್ಟಿದೆ

ಹವಳಗಳು ಕೂತಲ್ಲೇ ಯುದ್ಧ ಮಾಡುತ್ತವೆ. ಹಗಲು ಎರಡರ ನಡುವೆ ಒಂದು ಗೇಣು ಜಾಗ ಕಾಣುತ್ತದೆ, ರಾತ್ರಿ ಗ್ಯಾಲಾಕ್ಸಿಯಾ ಹವಳ ಪಾರದರ್ಶಕ ದಾರದಂಥ ಸ್ವೀಪರ್ ಎಳೆಗಳನ್ನು ಆ ಗೇಣನ್ನೂ ದಾಟಿ ಬಿಡಬಲ್ಲದು. ಎಳೆಗಳ ತುದಿಯಲ್ಲಿ ಕುಟುಕುವ ಕೋಶಗಳು ಕಿಕ್ಕಿರಿದಿರುತ್ತವೆ. ಟಾರ್ಚ್ ಎಂಬ ಹವಳ ಹ್ಯಾಮರ್ ಹವಳವನ್ನು ಸುಡುತ್ತದೆ. ಎರಡೂ ಯೂಫಿಲಿಯಾ ಬಳಗ ಎಂದು ಪಕ್ಕಪಕ್ಕ ಇಟ್ಟರೆ ಸೋಲುವುದು ಸಾಮಾನ್ಯವಾಗಿ ಹ್ಯಾಮರ್. ಸುಟ್ಟ ಭಾಗ ಯಾರ ಕಡೆಗೆ ಮುಖ ಮಾಡಿದೆ ಎಂದು ನೋಡಿ, ನೀರಿನ ಹರಿವು ಯಾವ ದಿಕ್ಕಿಗಿದೆ ಎಂದೂ ನೋಡಿ. ಹರಿವಿನ ಮೇಲ್ಗಡೆ ಇರುವವನ ಎಳೆ ದೂರ ತಲುಪುತ್ತದೆ. ವೇವ್‌ಮೇಕರ್ (ಅಲೆ ಎಬ್ಬಿಸುವ ಪಂಪ್) ತಿರುಗಿಸಿದ ಮರುದಿನದಿಂದ ಪೆಟ್ಟು ಶುರುವಾಗಿದ್ದರೆ ಕಾರಣ ಸಿಕ್ಕಿತು.

ಸುಟ್ಟ ಗಾಯವಿಲ್ಲದೆ ಗಟ್ಟಿ ಹವಳಗಳು ಸುಮ್ಮನೆ ಅರ್ಧ ಮುದುಡಿ ಕೂತಿದ್ದರೆ ಮೃದು ಹವಳಗಳನ್ನು ಸಂಶಯಿಸಿ. ಸಾರ್ಕೋಫೈಟಾನ್, ಸಿನ್ಯುಲೇರಿಯಾದಂಥ ಲೆದರ್ ಹವಳಗಳು ನೀರಿಗೆ ಟರ್ಪೀನ್ ಎಂಬ ರಾಸಾಯನಿಕಗಳನ್ನು ಬಿಡುತ್ತವೆ. ಮನೆಯ ಯಾವ ಕಿಟ್ಟಿನಲ್ಲೂ ಅದು ಕಾಣದು. ಪರೀಕ್ಷೆಯೂ ಚಿಕಿತ್ಸೆಯೂ ಒಂದೇ: ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ. ಒಂದೆರಡು ದಿನದಲ್ಲಿ ಹವಳ ಅರಳಿದರೆ ಸಂಶಯಕ್ಕೆ ಬಲ ಬಂತು. ಆದರೆ ಲೆದರ್ ಹವಳವೇ ಮುದುಡಿ, ಮೈಮೇಲೆ ಮೇಣದಂಥ ಪೊರೆ ಬಂದಿದ್ದರೆ ಅದು ಚರ್ಮ ಕಳಚುತ್ತಿದೆ. ಮುಟ್ಟದೆ ಕೆಲವು ದಿನ ಬಿಡಿ.

ಮಾಂಸ ಕಚ್ಚಿ ತೆಗೆದಂತೆ ಸಣ್ಣ ಗುಳಿಗಳಿದ್ದರೆ ಮೀನು. ಕೋರಲ್ ಬ್ಯೂಟಿಯಂಥ ಕುಬ್ಜ ಏಂಜೆಲ್‌ಗಳಲ್ಲಿ ಒಂದು ಸಾಧು, ಇನ್ನೊಂದು ಹವಳಗಳ್ಳ. ತರುವ ಮುಂಚೆ ಹೇಳಲಾಗದು. ಚಿಟ್ಟೆಮೀನುಗಳನ್ನು ನೇತ್ರಾಣಿಯ ಸುತ್ತ ಮುಳುಗಿ ನೋಡುವುದೇ ಚೆಂದ. ರಕೂನ್ ಚಿಟ್ಟೆಮೀನು ಐಪ್ಟೇಸಿಯಾ ಎಂಬ, ಕಳೆಯಂತೆ ಹಬ್ಬುವ ಕುಟುಕು ಜೀವಿಯನ್ನು ತಿನ್ನುತ್ತದೆಂದು ತಂದವರು ಕಳೆಯ ಜೊತೆ ಬೆಳೆಯನ್ನೂ ಕಳೆದುಕೊಳ್ಳುತ್ತಾರೆ.

ಹವಳದಲ್ಲಿ ಕ್ಲೌನ್‌ಫಿಶ್ ಹೊರಳಾಡುತ್ತಿದೆಯೇ ಎಂದೂ ನೋಡಿ. ಅನಿಮೋನ್ (ಹೂವಿನಂತೆ ಕಾಣುವ, ಕುಟುಕುವ ಕಡಲಜೀವಿ) ಇಲ್ಲದ ಮೀನು ಹ್ಯಾಮರ್ ಹವಳವನ್ನೇ ಮನೆ ಮಾಡಿಕೊಂಡು ಉಜ್ಜಿ ಉಜ್ಜಿ ಅರಳದಂತೆ ಮಾಡುವುದುಂಟು.

ಭಾರತದಲ್ಲಿರುವವರು ಒಂದು ಮಾತು ತಿಳಿದಿರಬೇಕು: ಗಟ್ಟಿ ಹವಳಗಳು, ಸೀ ಫ್ಯಾನ್, ಕಡಲಕುದುರೆ ಇವೆಲ್ಲ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿ 1ಕ್ಕೆ ಸೇರಿದವು. ನಮ್ಮ ಕಡಲಿನಿಂದ ಕಿತ್ತ ಹವಳವನ್ನು ಮಾರುವುದೂ ಇಟ್ಟುಕೊಳ್ಳುವುದೂ ಅಪರಾಧ. ದುಬೈ, ಅಮೆರಿಕದಲ್ಲಿ ಟ್ಯಾಂಕ್ ಇಟ್ಟಿರುವ ನಮ್ಮವರ ಪಟ್ಟಿ ನೋಡಿ ಇಲ್ಲಿ ಅದೇ ಹುಡುಕಲು ಹೋಗಬೇಡಿ.

ಅನಿಮೋನ್ ತಿರುಗಾಟ

ಅನಿಮೋನ್ ನಡೆಯುತ್ತದೆ ಎನ್ನುವುದನ್ನು ಹೊಸಬರು ನಂಬುವುದಿಲ್ಲ. ಬಬಲ್ ಟಿಪ್ ಎಂಬ ಅನಿಮೋನ್ ತನಗೆ ಬೇಕಾದ ಬೆಳಕು, ಹರಿವು ಸಿಗುವವರೆಗೆ ಅಲೆಯುತ್ತದೆ. ದಾರಿಯಲ್ಲಿ ಸಿಕ್ಕ ಹವಳಗಳನ್ನೆಲ್ಲ ಸುಡುತ್ತಾ, ಕೊನೆಗೆ ವೇವ್‌ಮೇಕರ್‌ಗೆ ಸಿಕ್ಕಿ ಚೂರಾದರೆ ಇಡೀ ಟ್ಯಾಂಕಿನ ನೀರು ಕೆಡುತ್ತದೆ. ಪಂಪಿಗೆ ಸ್ಪಾಂಜ್ ಕವಚ ಹಾಕಿ. ಟ್ಯಾಂಕಿಗೆ ಆರು ತಿಂಗಳಾದರೂ ತುಂಬದೆ ಅನಿಮೋನ್ ತರಬೇಡಿ. ಒಸೆಲ್ಲಾರಿಸ್ ಕ್ಲೌನ್ ಅದರೊಳಗೆ ಹೋಗುತ್ತಿಲ್ಲ ಎನ್ನುವುದು ದೋಷವಲ್ಲ: ಸಮುದ್ರದಲ್ಲಿ ಬಬಲ್ ಟಿಪ್ ಆ ಮೀನಿನ ಮನೆಯೇ ಅಲ್ಲ, ಟ್ಯಾಂಕಿನಲ್ಲಿ ಕೆಲವು ಒಪ್ಪುತ್ತವೆ ಅಷ್ಟೇ. ಕಾರ್ಪೆಟ್ ಅನಿಮೋನ್ ಇದ್ದು ಮೀನು ಕಡಿಮೆಯಾಗುತ್ತಿದ್ದರೆ ಬೇರೆ ಯಾರನ್ನೂ ಹುಡುಕುವ ಮುಂಚೆ ಅದರ ಬಾಯಿ ನೋಡಿ.

ಸಿಗಡಿ, ಏಡಿ, ನಕ್ಷತ್ರಮೀನು

ಸಿಗಡಿ ಸತ್ತಿದೆ ಎಂದುಕೊಂಡದ್ದು ಎಷ್ಟೋ ಸಲ ಕಳಚಿದ ಪೊರೆ. ಪಾರದರ್ಶಕವಾಗಿ, ಟೊಳ್ಳಾಗಿ, ಬೆನ್ನ ಬಳಿ ಸೀಳಿದ್ದರೆ ಸಿಗಡಿ ಎಲ್ಲೋ ಅಡಗಿದೆ, ಹೊಸ ಚಿಪ್ಪು ಗಟ್ಟಿಯಾದ ಮೇಲೆ ಬರುತ್ತದೆ. ಐಪ್ಟೇಸಿಯಾ ತಿನ್ನಲೆಂದು ಪೆಪ್ಪರ್‌ಮಿಂಟ್ ಸಿಗಡಿ ತಂದ ಮೇಲೆ ಹವಳದ ಬಳಗದ ಜೊವಾಂಥಿಡ್‌ಗಳು ಮಾಯವಾಗುತ್ತಿದ್ದರೆ ಬೆನ್ನಿನ ಗೂನು ನೋಡಿ: ಗೂನು ಎದ್ದು, ಬಿಳಿ ಗೆರೆಗಳು ಸ್ಪಷ್ಟವಾಗಿದ್ದರೆ ಅದು ಕ್ಯಾಮಲ್ ಸಿಗಡಿ, ಹೆಸರು ಬದಲಿಸಿ ಮಾರಿದ್ದಾರೆ. ಬ್ಯಾಂಡೆಡ್ ಕೋರಲ್ ಸಿಗಡಿಯನ್ನು ಜೋಡಿಯಾಗಿಯೋ ಒಂಟಿಯಾಗಿಯೋ ಸಾಕಬೇಕು, ಬೇರೆ ಸಿಗಡಿಗಳ ಜೊತೆ ಬೇಡ. ಹರ್ಮಿಟ್ ಏಡಿ ಬಸವನಹುಳುವನ್ನು ಕೊಲ್ಲುವುದು ಚಿಪ್ಪಿನ ಆಸೆಗೆ. ನಾಲ್ಕು ದೊಡ್ಡ ಖಾಲಿ ಚಿಪ್ಪು ಹಾಕಿಡಿ. ಚಾಕೊಲೇಟ್ ಚಿಪ್ ನಕ್ಷತ್ರಮೀನು ರೀಫ್ ಟ್ಯಾಂಕಿಗೆ ಬೇಡವೇ ಬೇಡ.

ಅಪರಾಧಿ ಸಿಕ್ಕ ಮೇಲೆ

ಬಲೆ ಹಿಡಿದು ಹಗಲಲ್ಲಿ ಅಟ್ಟಿದರೆ ಹವಳ ಮುರಿಯುತ್ತದೆ, ಮೀನು ಸಿಗುವುದಿಲ್ಲ. ಒಳಗೆ ಆಹಾರ ಇಟ್ಟ ಪಾರದರ್ಶಕ ಬೋನು ಬಿಟ್ಟು, ಒಂದೆರಡು ದಿನ ಬಾಗಿಲು ತೆರೆದೇ ಇಡಿ. ಅಲ್ಲೇ ಊಟಕ್ಕೆ ರೂಢಿಯಾದ ಮೇಲೆ ಮುಚ್ಚಿ. ಹಿಡಿದ ಮೀನನ್ನು ಸಂಪಿನಲ್ಲಿ ವಾರವೆರಡು ಇಟ್ಟು, ಆ ಸಮಯದಲ್ಲಿ ಕಲ್ಲುಗಳ ಜಾಗ ಬದಲಿಸಿದರೆ ಹಳೆಯ ಜಹಗೀರು ಅಳಿಯುತ್ತದೆ. ಮರಳಿ ಬಂದಾಗ ಅದೇ ಹೊಸಬ. ಟ್ಯಾಂಗ್‌ಗಳಿಗೆ ಹೊರಗಿನಿಂದ ಗಾಜಿಗೆ ಕನ್ನಡಿ ಅಂಟಿಸುವುದೂ ನಡೆಯುತ್ತದೆ. ಹೊಸ ಮೀನನ್ನು ಬಿಟ್ಟು ತನ್ನ ಪ್ರತಿಬಿಂಬದ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತದೆ. ಡ್ಯಾಮ್ಸೆಲ್, ಸಿಕ್ಸ್‌ಲೈನ್‌ಗಳಲ್ಲಿ ಈ ಉಪಾಯಗಳು ಅಪರೂಪಕ್ಕೆ ಫಲಿಸುತ್ತವೆ. ಅವನ್ನು ಅಂಗಡಿಗೆ ಹಿಂತಿರುಗಿಸಿ. ಕೆರೆಗೆ, ಕಡಲಿಗೆ ಬಿಡಬೇಡಿ. ಅಟ್ಲಾಂಟಿಕ್‌ನಲ್ಲಿ ಲಯನ್‌ಫಿಶ್ ಹಬ್ಬಲು ಅಕ್ವೇರಿಯಂಗಳಿಂದ ಬಿಟ್ಟ ಮೀನುಗಳೇ ಕಾರಣ ಎನ್ನಲಾಗಿದೆ.

ಲಯನ್‌ಫಿಶ್ ಹಿಡಿಯುವಾಗ ಮುಳ್ಳು ಚುಚ್ಚಿದರೆ ಆ ಕೈಯನ್ನು 40–45 ಡಿಗ್ರಿ ಬಿಸಿನೀರಿನಲ್ಲಿ ಅದ್ದಿಡಿ, ಇನ್ನೊಂದು ಕೈಯಲ್ಲಿ ನೀರಿನ ಬಿಸಿ ನೋಡಿಕೊಳ್ಳಿ, ಆಸ್ಪತ್ರೆಗೆ ಹೋಗಿ. ಏಡಿ ಹಿಡಿಯಲೆಂದು ಕಲ್ಲು ಹೊರತೆಗೆಯುವಾಗ ಅದರ ಮೇಲೆ ಪ್ಯಾಲಿಥೋವಾ, ಜೊವಾಂಥಿಡ್ ಇದ್ದರೆ ಕೈಗವಸು, ಕನ್ನಡಕ ಬೇಕೇಬೇಕು. ಆ ಕಲ್ಲನ್ನು ಎಂದೂ ಬಿಸಿನೀರಿನಲ್ಲಿ ಕುದಿಸಬೇಡಿ, ಅವುಗಳಲ್ಲಿರುವ ಪ್ಯಾಲಿಟಾಕ್ಸಿನ್ ವಿಷ ಆವಿಯಲ್ಲಿ ಸೇರಿ ಮನೆಮಂದಿಯನ್ನೆಲ್ಲ ಮಲಗಿಸಬಲ್ಲದು.

ಅಪರಾಧಿಯನ್ನು ತೆಗೆದ ಮೇಲೆ ಒಂದು ತಿಂಗಳು ಏನನ್ನೂ ಸೇರಿಸಬೇಡಿ. ಆಗಲೂ ನಷ್ಟ ಮುಂದುವರಿದರೆ ಹಿಡಿದದ್ದು ತಪ್ಪು ಪ್ರಾಣಿ. ನಿಂತರೆ, ಮುಂದಿನ ಪಟ್ಟಿಯನ್ನು ಅಂಜುಬುರುಕರಿಂದ ಶುರುಮಾಡಿ: ಮೊದಲು ಫೈರ್‌ಫಿಶ್, ಗೋಬಿ, ಆಮೇಲೆ ಕ್ಲೌನ್ ಜೋಡಿ, ಟ್ಯಾಂಕ್ ದೊಡ್ಡದಿದ್ದರೆ ಟ್ಯಾಂಗ್ ಕಟ್ಟಕಡೆಗೆ. ಪ್ರತಿ ಹೊಸ ಮೀನನ್ನೂ ತೂತಿರುವ ಪಾರದರ್ಶಕ ಪೆಟ್ಟಿಗೆಯಲ್ಲಿ ಟ್ಯಾಂಕಿನೊಳಗೇ ಕೆಲವು ದಿನ ತೂಗುಹಾಕಿ, ಯಾರು ಬಂದು ಗಾಜಿಗೆ ಗುದ್ದುತ್ತಾರೆ ಎಂದು ನೋಡಿಕೊಂಡು ಬಿಡಿ.